ನಗುವವರ ಮುಂದೆ: ಗೇಲಿಯ ಬಗೆಗಳು

ಒಬ್ಬ ಮನುಷ್ಯನನ್ನೋ ಅವನ ಮಾತು, ನಡೆ, ನಂಬಿಕೆಯನ್ನೋ ನಾಲ್ಕು ಜನರ ನಗೆಗೆ ಗುರಿಮಾಡಿ ಬೆಲೆ ಇಳಿಸುವುದಕ್ಕೆ ಇಂಗ್ಲಿಷಿನಲ್ಲಿ ‘ರಿಡಿಕ್ಯೂಲ್’ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ನಗು ಎಂಬ ಅರ್ಥವಿರುವ ಧಾತುವಿನಿಂದ ಬಂದ ಪದವಿದು. ಶಾಲಾ ನಿಘಂಟು ತೆರೆದರೆ ಅದರ ಎದುರಿಗೆ ಅಪಹಾಸ್ಯ, ಗೇಲಿ, ಲೇವಡಿ, ಪರಿಹಾಸ, ಅಣಕ ಎಂದು ಒಂದು ಸಾಲೇ ಸಿಗುತ್ತದೆ. ಒಂದೇ ಸಾಲಿನಲ್ಲಿವೆಯಲ್ಲ, ಎಲ್ಲ ಒಂದೇ ಇರಬೇಕು ಎಂದು ವಿದ್ಯಾರ್ಥಿ ಅಂದುಕೊಳ್ಳುತ್ತಾನೆ. ಆಡುವ ಕನ್ನಡದಲ್ಲಿ ಹಾಗಿಲ್ಲ. ಯಾರು ಯಾರನ್ನು ನಕ್ಕರು, ಎದುರಿಗೋ ಬೆನ್ನ ಹಿಂದೋ, ಸಲಿಗೆಯಿಂದಲೋ ಸೊಕ್ಕಿನಿಂದಲೋ ಎಂಬುದನ್ನು ನೋಡಿಕೊಂಡು ಕನ್ನಡ ಬೇರೆ ಬೇರೆ ಕ್ರಿಯಾಪದವನ್ನು ಎತ್ತಿಕೊಳ್ಳುತ್ತದೆ. ನಕ್ಕದ್ದು ಯಾವುದಕ್ಕೆ ಎಂಬುದು ಎಷ್ಟೋ ಸಲ ಎರಡನೆಯ ಮಾತು.

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಸಾದಲಿ ಹೋಬಳಿಯಿದೆ. ಆ ಕಡೆ ರೇಷ್ಮೆ ಸಾಕುವ ಮನೆಗಳು ಬಹಳ. ಗೂಡು ಮಾರಲು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಬೇಕು. ಹುಳುವಿಗೆ ಸುಣ್ಣಕಟ್ಟು ರೋಗ ಬಿದ್ದು ಬೆಳೆ ಕೈಕೊಟ್ಟ ರೈತನೊಬ್ಬ ಒಂದೇ ಒಂದು ಸಣ್ಣ ಮೂಟೆ ಗೂಡನ್ನು ಗಾಡಿಗೆ ಕಟ್ಟುತ್ತಿದ್ದಾನೆ ಎಂದು ಇಟ್ಟುಕೊಳ್ಳಿ. ದಾರಿಯಲ್ಲಿ ಹೋಗುವವನು ನಿಂತು, “ಏನಣ್ಣಾ, ಲಾರಿ ಹೇಳಿಲ್ವಾ?” ಎನ್ನುತ್ತಾನೆ. ಕೇಳಿದವನು ಹೆಂಡತಿಯ ತಮ್ಮನಾದರೆ ಅದು ತಮಾಷೆ. ರೈತನೂ ನಕ್ಕು, “ನಿಮ್ಮಕ್ಕನ್ನ ಕೇಳು, ಲಾರಿ ಕಾಸು ಅವಳ ಹತ್ರ ಐತೆ” ಎಂದು ತಿರುಗಿಸಿ ಹೊಡೆಯುತ್ತಾನೆ. ಬದುವಿನ ಜಗಳವಿರುವ ಪಕ್ಕದ ಹೊಲದವನು ಅದೇ ಮಾತು ಆಡಿದರೆ ಅದು ಕುಹಕ. ಉತ್ತರ ಬರುವುದಿಲ್ಲ, ಬಂದರೆ ನೆಟ್ಟಗಿರುವುದಿಲ್ಲ. ಸಾಲ ಕೊಟ್ಟವನು ಆಡಿದರೆ ಅದು ಹಂಗಿಸುವುದು. ರೈತ ತಲೆ ತಗ್ಗಿಸಿ ಹಗ್ಗ ಬಿಗಿಯುತ್ತಾನೆ. ಪದ ಒಂದೂ ಬದಲಾಗಿಲ್ಲ, ದನಿ ಕೂಡ ಬದಲಾಗಿರಬೇಕಿಲ್ಲ. ಬದಲಾದದ್ದು ಇಬ್ಬರ ನಡುವಿನ ನಂಟು ಮಾತ್ರ.

ಹಂಗಿಸು ಎಂಬ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಅದರೊಳಗೆ ಇರುವುದು ಹಂಗು, ಅಂದರೆ ಋಣ. ಉಪಕಾರ ಮಾಡಿದವನು ಆ ಉಪಕಾರವನ್ನೇ ಎತ್ತಿ ಆಡುವುದು ಹಂಗಿಸುವಿಕೆ. ಇನ್ನೊಬ್ಬರ ಮನೆಯಲ್ಲಿ ಉಂಡವರಿಗೆ, ತವರಲ್ಲಿ ಉಳಿದ ಹೆಣ್ಣುಮಗಳಿಗೆ, ಚಿಕ್ಕಪ್ಪನ ದುಡ್ಡಲ್ಲಿ ಓದಿದ ಹುಡುಗನಿಗೆ ಇದರ ರುಚಿ ಗೊತ್ತು. ಸಮಾನರು ಒಬ್ಬರನ್ನೊಬ್ಬರು ಗೇಲಿ ಮಾಡಬಹುದು, ಹಂಗಿಸಲಾರರು. ಮೂದಲಿಸು ಎಂಬುದು ಇನ್ನೊಂದು ಜಾತಿಯದು. ಅದು ಮುಖಕ್ಕೆ ಮುಖ ಕೊಟ್ಟು, ಎದುರಾಳಿಯ ಪೌರುಷಕ್ಕೋ ಮಾನಕ್ಕೋ ಕೈಹಾಕಿ ಆಡುವ ಮಾತು. ಕೇಳಿಸಿಕೊಂಡವನು ಎದ್ದು ಬರಲಿ ಎಂಬುದೇ ಅದರ ಉದ್ದೇಶ. ಅಣಕಿಸುವುದರಲ್ಲಿ ಮಾತಿಗಿಂತ ನಟನೆ ಹೆಚ್ಚು: ಕುಂಟಿದವನಂತೆ ಕುಂಟುವುದು, ತೊದಲುವವನಂತೆ ತೊದಲುವುದು, ಮೇಷ್ಟ್ರು ಕನ್ನಡಕ ಏರಿಸುವಂತೆ ಬೆರಳು ಏರಿಸುವುದು. ಛೇಡಿಸು, ಕಿಚಾಯಿಸು, ರೇಗಿಸು ಎಂಬವುಗಳಲ್ಲಿ ಪ್ರೀತಿಗೂ ಜಾಗವಿದೆ. ಅತ್ತಿಗೆ ಮೈದುನನನ್ನು ರೇಗಿಸಬಹುದು, ಸ್ನೇಹಿತರು ಮದುವೆ ಗೊತ್ತಾದವನನ್ನು ಕಿಚಾಯಿಸಬಹುದು. ಅಪಹಾಸ್ಯದಲ್ಲಿ ಆ ಜಾಗ ಇಲ್ಲವೇ ಇಲ್ಲ.

ಇವೆಲ್ಲಕ್ಕಿಂತ ಹಳ್ಳಿಯ ಬದುಕನ್ನು ಹೆಚ್ಚು ಆಳಿದ್ದು ‘ಆಡಿಕೊಳ್ಳು’ ಎಂಬ ಸಪ್ಪೆ ಕಾಣುವ ಮಾತು. ಆಡಿಕೊಳ್ಳುವವರು ಎದುರಿಗೆ ಬರುವುದಿಲ್ಲ, ಅವರಿಗೆ ಹೆಸರೂ ಇಲ್ಲ. ಅವರು ‘ನಾಲ್ಕು ಜನ’. ನಾಲ್ಕು ಜನ ಏನಂತಾರೆ, ನಾಲ್ಕು ಜನ ಆಡಿಕೊಳ್ಳೋ ಹಾಗೆ ಮಾಡಬೇಡ ಎಂದು ಮಗಳಿಗೆ ಹೇಳದ ತಾಯಿ, ಮಗನಿಗೆ ಹೇಳದ ತಂದೆ ಅಪರೂಪ. ಸಾಲ ಮಾಡಿಯಾದರೂ ಮದುವೆಯನ್ನು ಜೋರಾಗಿ ಮಾಡಿಸಿದ್ದು, ಒಡೆದ ಮನೆಯನ್ನು ಒಡೆದಿಲ್ಲವೆಂದು ತೋರಿಸಿದ್ದು, ಓದು ಬಿಟ್ಟ ಹುಡುಗಿಯನ್ನು ಮತ್ತೆ ಶಾಲೆಗೆ ಕಳಿಸದೆ ಉಳಿಸಿದ್ದು ಬಹಳ ಸಲ ಈ ನಾಲ್ಕು ಜನರ ನಗೆಯ ಭಯವೇ. ‘ನಗುವವರ ಮುಂದೆ ಎಡವಿ ಬಿದ್ದಂತೆ’ ಎಂಬ ಗಾದೆಯಲ್ಲಿ ನೋವು ಕಾಲಿಗಾದದ್ದಲ್ಲ. ಯಾರೂ ನೋಡದಿದ್ದರೆ ಆ ಬೀಳುವಿಕೆಗೆ ಗಾದೆಯೇ ಹುಟ್ಟುತ್ತಿರಲಿಲ್ಲ.

ಗಾದೆಗಳಲ್ಲಿ ಅರ್ಧಕ್ಕರ್ಧ ಗೇಲಿಯ ಸಾಮಾನೇ ಇದೆ ಎಂದರೂ ತಪ್ಪಾಗದು. ಕುಣಿಯಲಾರದವಳು ನೆಲ ಡೊಂಕು ಎಂದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ. ಇವುಗಳ ಅನುಕೂಲವೆಂದರೆ ಆಡಿದವನು ಸಿಕ್ಕಿಬೀಳುವುದಿಲ್ಲ. ‘ನಾನೆಲ್ಲಿ ನಿನಗೆ ಅಂದೆ, ಗಾದೆ ಹೇಳಿದೆ’ ಎನ್ನಬಹುದು. ‘ಉತ್ತರನ ಪೌರುಷ ಒಲೆ ಮುಂದೆ’ ಎಂದು ಮನೆಯಲ್ಲಿ ಹಾರಾಡುವ ಗಂಡಸಿನ ಕಿವಿಗೆ ಬೀಳುವಂತೆ ಹೆಂಗಸರು ಅಂದರೆ, ಅದು ನನಗೇ ಅಂದದ್ದು ಎಂದು ಒಪ್ಪಿಕೊಳ್ಳದೆ ಜಗಳ ತೆಗೆಯಲು ಅವನಿಗೆ ದಾರಿಯಿಲ್ಲ. ವಿರಾಟಪರ್ವದ ರಾಜಕುಮಾರನೊಬ್ಬ ಹೀಗೆ ಅಡುಗೆಮನೆಯ ಮಾತಾಗಿ ಉಳಿದಿದ್ದಾನೆ.

ಸಾದಲಿ, ಚಿಂತಾಮಣಿ, ಗೌರಿಬಿದನೂರು ಸೀಮೆಯಲ್ಲಿ ಗೇಲಿಗೆ ಎರಡು ಭಾಷೆ. ಆಂಧ್ರದ ಗಡಿ ಹತ್ತಿರ. ಮನೆಯಲ್ಲಿ ತೆಲುಗು, ಶಾಲೆ ಮತ್ತು ಕಚೇರಿಯಲ್ಲಿ ಕನ್ನಡ ಎಂಬ ಮನೆತನಗಳು ಊರೂರಿಗೂ ಇವೆ. ತೆಲುಗಿನವರು ಗೇಲಿಗೆ ಎಗತಾಳಿ ಎನ್ನುತ್ತಾರೆ, ಅಣಕಿಸುವುದಕ್ಕೆ ವೆಕ್ಕಿರಿಂಚು ಎನ್ನುತ್ತಾರೆ. ಕನ್ನಡದ ನಗೆಪಾಟಲು ಅಲ್ಲಿ ನವ್ವುಲಪಾಲು. ಗೇಲಿ ಎಂಬ ಪದವೂ ಎರಡು ಕಡೆಗೆ ಸೇರಿದ್ದೇ. ತಮಿಳಿನಲ್ಲೂ ಅದು ಕೇಲಿ. ಆಟ, ವಿನೋದ ಎಂಬ ಅರ್ಥದ ಸಂಸ್ಕೃತದ ‘ಕೇಲಿ’ಗೆ ಅದನ್ನು ಜೋಡಿಸುತ್ತಾರೆ. ಎರಡು ಭಾಷೆ ಬಲ್ಲವನಿಗೆ ಒಂದು ಹೆಚ್ಚಿನ ಸೌಕರ್ಯವಿದೆ: ಗಂಭೀರದ ಮಾತನ್ನು ಒಂದರಲ್ಲಿ ಆಡಿ, ಚುಚ್ಚುವುದನ್ನು ಇನ್ನೊಂದರಲ್ಲಿ ಚುಚ್ಚಬಹುದು. ಬೆಂಗಳೂರಿನಿಂದ ಬಂದ ಅಧಿಕಾರಿಯ ಎದುರು ಕನ್ನಡದಲ್ಲಿ “ಆಗಲಿ ಸಾರ್” ಎಂದವನು ಪಕ್ಕದವನ ಕಡೆ ತಿರುಗಿ ತೆಲುಗಿನಲ್ಲಿ ಏನಂದ ಎಂಬುದನ್ನು ಅಧಿಕಾರಿ ಊಹಿಸಬೇಕಷ್ಟೆ. ಅದಕ್ಕೆ ಬಡ್ಡಿಯೆಂಬಂತೆ ಈ ಸೀಮೆಯವರ ತೆಲುಗು ಬೆರೆತ ಕನ್ನಡವನ್ನು ಮೈಸೂರು, ಬೆಂಗಳೂರಿನವರು ಆಡಿಕೊಂಡದ್ದೂ ಉಂಟು. ಮಂಗಳೂರು ಕಡೆಯ, ಧಾರವಾಡ ಕಡೆಯ ಕನ್ನಡವನ್ನು ಸಿನಿಮಾದ ಹಾಸ್ಯ ಪಾತ್ರಗಳ ಬಾಯಿಗೆ ತುರುಕಿದ್ದೂ ಇದೇ ಚಾಳಿ. ಆ ಕಡೆಗಳಿಗೆ ಅವರವರ ಮಾತೇ ಇದೆ. ಕರಾವಳಿಯಲ್ಲಿ ಕುಶಾಲು, ಉತ್ತರ ಕರ್ನಾಟಕದಲ್ಲಿ ಚಾಷ್ಟಿ, ಮಸ್ಕಿರಿ.

ನಗೆಯಲ್ಲಿ ಮೇಲುಕೀಳು ಹುಡುಕುವುದು ಹಳೆಯ ಅಭ್ಯಾಸ. ಭರತನ ನಾಟ್ಯಶಾಸ್ತ್ರ ನಗುವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರಾಗಿ ವಿಂಗಡಿಸಿ, ಮೊದಲ ಎರಡು ಉತ್ತಮರಿಗೆ, ನಡುವಿನವು ಮಧ್ಯಮರಿಗೆ, ಕೊನೆಯವು ಅಧಮರಿಗೆ ಎಂದು ಹಂಚಿಕೊಟ್ಟಿದೆ. ಹಲ್ಲು ಕಾಣದಂತೆ ನಗುವವನು ದೊಡ್ಡವನು, ಕಣ್ಣಲ್ಲಿ ನೀರು ಬರುವಂತೆ ನಗುವವನು ಚಿಕ್ಕವನು! ಕನ್ನಡದ ಅಪಹಾಸ್ಯ ಈ ಅಪಹಸಿತದ ಒಡಹುಟ್ಟು. ಅಲ್ಲಿ ಕೀಳೆನಿಸಿದ್ದು ನಗುವ ರೀತಿ, ಇಲ್ಲಿ ಕೀಳೆನಿಸುವುದು ನಗುವ ಉದ್ದೇಶ. ಪಶ್ಚಿಮದಲ್ಲಿ ಥಾಮಸ್ ಹಾಬ್ಸ್ 1651ರ ‘ಲೆವಿಯಾಥನ್’ನಲ್ಲಿ ನಗುವಿನ ಮೂಲವನ್ನು ಬೇರೆ ಕಡೆ ಹುಡುಕಿದ. ಇನ್ನೊಬ್ಬನ ಕೊರತೆ ಕಂಡಾಗ ತಾನು ಮೇಲೆಂದು ತಟ್ಟನೆ ಅನ್ನಿಸುವ ಹಿಗ್ಗೇ ನಗು ಎಂಬುದು ಅವನ ವಾದ. ಎಲ್ಲ ನಗುವಿಗೂ ಇದು ಹೊಂದುವುದಿಲ್ಲ. ಮಗುವಿನ ಆಟ ನೋಡಿ ನಗುವವರಿಗೆ ಯಾವ ಹೆಚ್ಚುಗಾರಿಕೆ? ಅಪಹಾಸ್ಯಕ್ಕಂತೂ ಸರಿಯಾಗಿ ಹೊಂದುತ್ತದೆ.

ಮೂದಲಿಕೆಯ ಶಕ್ತಿಯನ್ನು ಕನ್ನಡದಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸಿದವನು ರನ್ನ. ಸಾವಿರದ ಆಸುಪಾಸಿನಲ್ಲಿ, ಚಾಲುಕ್ಯ ಸತ್ಯಾಶ್ರಯನ ಆಶ್ರಯದಲ್ಲಿ ಬರೆದ ‘ಗದಾಯುದ್ಧ’ದಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿರುತ್ತಾನೆ. ಸೈನ್ಯ ಹೋಗಿದೆ, ತಮ್ಮಂದಿರು ಹೋಗಿದ್ದಾರೆ. ಅವನನ್ನು ಹೊರಗೆ ತರಲು ಭೀಮನ ಬಳಿ ಇರುವುದು ಗದೆಯಲ್ಲ, ಬಾಯಿ. ದಡದಲ್ಲಿ ನಿಂತು ಅವನು ಕೂಗಿ ಆಡಿದ ಮಾತಿಗೆ ನೀರಿನ ತಳದಲ್ಲಿ ಕೂತವನ ಮೈಯಲ್ಲೂ ಬೆವರು ಒಡೆಯುತ್ತದೆ. ಬದುಕಿ ಉಳಿಯಲೆಂದು ಅಡಗಿದವನು ಸಾಯುವುದಕ್ಕೆ ತಾನಾಗಿಯೇ ಎದ್ದು ಬರುತ್ತಾನೆ. ಬರದಿದ್ದರೆ ಏನಾಗುತ್ತಿತ್ತು ಎಂದು ಯಾವ ಓದುಗನೂ ಕೇಳುವುದಿಲ್ಲ, ಏಕೆಂದರೆ ಆ ಮಾತಿನ ಮೇಲೆ ಕೂತಿರಲು ಸಾಧ್ಯವಿಲ್ಲವೆಂದು ಅವನಿಗೂ ಗೊತ್ತು.

ರನ್ನನ ಭೀಮನದು ಗೆಲ್ಲುತ್ತಿರುವವನ ಗೇಲಿ. ಕೆಳಗಿನಿಂದ ಮೇಲಕ್ಕೆ ಹೋಗುವ ಗೇಲಿಗೆ ಹನ್ನೆರಡನೆಯ ಶತಮಾನದ ವಚನಕಾರರ ಕಡೆ ನೋಡಬೇಕು. ಕಲ್ಲಿನ ನಾಗರಕ್ಕೆ ಹಾಲೆರೆದು ನಿಜದ ಹಾವನ್ನು ಹೊಡೆಯುವವರನ್ನು ಬಸವಣ್ಣ ನಕ್ಕದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಲ್ಲಿ ಬೈಗುಳವಿಲ್ಲ. ಮಾಡುವುದನ್ನೂ ಆಡುವುದನ್ನೂ ಪಕ್ಕಪಕ್ಕ ಇಟ್ಟರೆ ಸಾಕು, ನಗು ತಾನೇ ಹುಟ್ಟುತ್ತದೆ. ಸರ್ವಜ್ಞನ ತ್ರಿಪದಿಗಳಲ್ಲಿ, ಗಡಿಯಾಚೆ ವೇಮನನ ಪದ್ಯಗಳಲ್ಲಿ ಇದೇ ಬಗೆಯ ಕುಟುಕಿದೆ. ದಾಸರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ದೇವರನ್ನೇ ಆಡಿಕೊಂಡರು. ಅದಕ್ಕೆ ನಿಂದಾಸ್ತುತಿ ಎಂಬ ಗೌರವದ ಹೆಸರೂ ಸಿಕ್ಕಿತು. ಸಲಿಗೆ ಅಷ್ಟಿದ್ದರೆ ಬೈಗುಳವೂ ಭಕ್ತಿಯೇ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಣಪ್ಪ, ಜನರ ಬಾಯಲ್ಲಿ ಕೈವಾರ ತಾತಯ್ಯ, ತೆಲುಗು ಮತ್ತು ಕನ್ನಡ ಎರಡರಲ್ಲೂ ಪದ ಕಟ್ಟಿದ ಬಳೆಗಾರ. ದುಡ್ಡು ಕೇಳದೆ ಬಳೆ ತೊಡಿಸಿ ಬರುವ ಈ ವ್ಯಾಪಾರಿಯನ್ನು ಮನೆಯವರೂ ಊರವರೂ ಕೈಲಾಗದವನೆಂದು ಜರೆದರು ಎಂದು ಐತಿಹ್ಯ ಹೇಳುತ್ತದೆ. ಹಾಗೆ ಜರೆಸಿಕೊಂಡವನ ಪದಗಳು ಮುಂದೆ ಡಾಂಭಿಕ ಭಕ್ತರನ್ನು, ಕಪಟ ಗುರುಗಳನ್ನು ಜರೆದವು.

ನಗುವುದಕ್ಕೆ ಸಮಾಜವೇ ಪರವಾನಗಿ ಕೊಟ್ಟ ಜಾಗಗಳೂ ಇವೆ. ಮದುವೆಮನೆಯಲ್ಲಿ ಬೀಗರನ್ನು ಹಾಡಿನಲ್ಲಿ ಆಡಿಕೊಳ್ಳುವುದು ಅಂಥದ್ದು. ಬೀಗಿತ್ತಿಯ ಮೂಗು, ಬೀಗರ ಹೊಟ್ಟೆ, ಅವರು ತಂದ ಸೀರೆಯ ದಪ್ಪ, ಯಾವುದನ್ನೂ ಹೆಂಗಸರು ಬಿಡುವುದಿಲ್ಲ. ಗಡಿಸೀಮೆಯ ಮದುವೆಗಳಲ್ಲಿ ಇದು ಎರಡು ಭಾಷೆಯಲ್ಲೂ ನಡೆಯುತ್ತದೆ. ಸಿಟ್ಟು ಮಾಡಿಕೊಂಡ ಬೀಗರೇ ಅಲ್ಲಿ ನಗೆಪಾಟಲು. ಬ್ರಿಟಿಷ್ ಮಾನವಶಾಸ್ತ್ರಜ್ಞ ರ್ಯಾಡ್‌ಕ್ಲಿಫ್ ಬ್ರೌನ್ 1940ರ ಒಂದು ಲೇಖನದಲ್ಲಿ ಇಂಥ ಪರಿಹಾಸದ ಸಂಬಂಧಗಳನ್ನು ವಿವರಿಸಿದರು. ಮದುವೆಯಿಂದ ಹತ್ತಿರವಾಗಬೇಕಾದ, ಆದರೆ ಹಿತಾಸಕ್ತಿ ಬೇರೆಯಾಗಿಯೇ ಉಳಿಯುವ ಎರಡು ಗುಂಪುಗಳು ಜಗಳ ಬಾರದಂತೆ ನೋಡಿಕೊಳ್ಳುವ ಬಗೆ ಇದು ಎಂದರು. ಅಳಿಯ ಅತ್ತೆಯ ಮುಂದೆ ತಲೆ ಎತ್ತುವುದಿಲ್ಲ, ಭಾವಮೈದುನನ ಹೆಗಲ ಮೇಲೆ ಕೈಹಾಕಿ ಕಿಚಾಯಿಸುತ್ತಾನೆ. ಅವರ ಪ್ರಕಾರ ಎರಡೂ ಒಂದೇ ಕೆಲಸ ಮಾಡುತ್ತವೆ.

ಬಯಲಾಟಗಳಲ್ಲಿ ಈ ಪರವಾನಗಿ ಒಬ್ಬ ಪಾತ್ರಧಾರಿಗೆ ಸಿಗುತ್ತದೆ. ಮೂಡಲಪಾಯದಲ್ಲಿ ಅವನು ಕೋಡಂಗಿ, ಯಕ್ಷಗಾನದಲ್ಲಿ ಹಾಸ್ಯಗಾರ. ತೊಗಲುಗೊಂಬೆಯಲ್ಲಿ ಕಿಳ್ಳೇಕ್ಯಾತ ಮತ್ತು ಅವನ ಜೋಡಿ ಬಂಗಾರಕ್ಕ. ಅದೇ ಬಂಗಾರಕ್ಕ ಆಂಧ್ರದ ಗೊಂಬೆಯಾಟದಲ್ಲೂ ಇದ್ದಾಳೆ, ಗಡಿ ಅವಳನ್ನು ತಡೆದಿಲ್ಲ. ರಾಮ, ಅರ್ಜುನರ ಗೊಂಬೆಗಳು ಬಣ್ಣ ಬಣ್ಣದವು. ಇವರ ಮೈ ಕಪ್ಪು, ಅಂಗಗಳು ಅಂದಗೆಟ್ಟವು, ಬಾಯಿ ಹೊಲಸು. ರಾಜನ ಕಥೆಯ ನಡುವೆ ನುಗ್ಗಿ ಊರಿನ ಪಟೇಲ, ಶಾನುಭೋಗ, ಬಡ್ಡಿ ಸಾಹುಕಾರ ಯಾರನ್ನು ಬೇಕಾದರೂ ಎಳೆದು ತರಬಹುದು. ಮುಂದೆ ಕೂತ ದೊಡ್ಡ ಮನುಷ್ಯರು ನಗಲೇಬೇಕು. ಬೆಳಗಾದ ಮೇಲೆ ಅದೇ ಮಾತನ್ನು ಗೊಂಬೆಯಾಡಿಸಿದವನು ಅವರ ಜಗಲಿಯಲ್ಲಿ ನಿಂತು ಆಡಲಾರ. ಆ ಪರವಾನಗಿ ಪರದೆಯ ಹಿಂದಿನ ದೀಪ ಉರಿಯುವವರೆಗೆ ಮಾತ್ರ.

ಮುದ್ರಣ ಬಂದಮೇಲೆ ಆ ಪಾತ್ರ ಪತ್ರಿಕೆಗಳ ಪಾಲಾಯಿತು. ವೈದ್ಯರಾಗಿದ್ದ ಎಂ. ಶಿವರಾಂ, ಅಂದರೆ ರಾಶಿ, 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಇಪ್ಪತ್ತೈದು ವರ್ಷ ನಡೆಯಿತು. ಆರ್. ಕೆ. ಲಕ್ಷ್ಮಣ್ ವ್ಯಂಗ್ಯಚಿತ್ರ ಬರೆದದ್ದು, ಟಿ. ಸುನಂದಮ್ಮ ಮನೆಯೊಳಗಿನ ಗಂಡುದರ್ಪವನ್ನು ನಗುತ್ತಲೇ ಬಿಚ್ಚಿಟ್ಟದ್ದು ಅಲ್ಲಿ. ನಾ. ಕಸ್ತೂರಿ ‘ಅನರ್ಥಕೋಶ’ ಎಂಬ ತಲೆಕೆಳಗಾದ ನಿಘಂಟನ್ನೇ ಬರೆದರು. ಬೀಚಿಯ ತಿಂಮ ಇದಕ್ಕಿಂತ ಒರಟ. ಅವನ ಪೆದ್ದುತನದ ಪ್ರಶ್ನೆಯಲ್ಲಿ ಎದುರಿನ ಬುದ್ಧಿವಂತನೇ ಪೆದ್ದನಾಗುತ್ತಾನೆ. 1980ರಲ್ಲಿ ಬಂದ ‘ಲಂಕೇಶ್ ಪತ್ರಿಕೆ’ ರಾಜಕಾರಣಿಗಳ ಮೇಲಿನ ಗೇಲಿಗೆ ಬೇರೆಯೇ ಹರಿತ ತಂದಿತು.

ಇದೇ ಕಾಲದ ಒಂದು ತಿರುವು ಮುರುವು ಹೇಳದೆ ಬಿಡುವಂಥದ್ದಲ್ಲ. ಕನ್ನಡಿಗರನ್ನು ನಗಿಸಿದ ಕಸ್ತೂರಿಯವರು ಪುಟ್ಟಪರ್ತಿ ಸೇರಿ ಸತ್ಯಸಾಯಿ ಬಾಬಾ ಅವರ ಜೀವನಚರಿತ್ರೆ ಬರೆದರು. ಪುಟ್ಟಪರ್ತಿಯಿಂದ ಗಡಿಯ ಈಚೆಗಿನ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ಬಾಬಾ ಅವರಿಗೆ ಪತ್ರ ಬರೆದರು. ಪತ್ರಗಳಿಗೆ ಉತ್ತರ ಬರಲಿಲ್ಲ. ಭಕ್ತರಿಗೆ ಇದು ಅವಹೇಳನವಾಗಿ ಕಂಡಿತು, ನರಸಿಂಹಯ್ಯನವರಿಗೆ ಪ್ರಶ್ನೆ ಕೇಳುವುದು ವಿಜ್ಞಾನದ ಮೇಷ್ಟ್ರ ಕರ್ತವ್ಯವಾಗಿತ್ತು. ನಗಿಸುವ ಉದ್ದೇಶವಿಲ್ಲದ ಪ್ರಶ್ನೆಯೂ ಕೇಳಿಸಿಕೊಂಡವರಿಗೆ ಗೇಲಿಯಾಗಬಹುದು. ಇಂಗ್ಲಿಷಿನ ‘ರಿಡಿಕ್ಯೂಲ್’ ನಗುವವನ ಉದ್ದೇಶವನ್ನು ಹಿಡಿಯುತ್ತದೆ, ಕೇಳಿಸಿಕೊಂಡವರ ಈ ಭಾಗವನ್ನು ಬಿಟ್ಟುಬಿಡುತ್ತದೆ.

ಇಂದಿನ ಪತ್ರಿಕಾ ಕನ್ನಡದಲ್ಲಿ ಗೇಲಿಯ ಕ್ರಿಯಾಪದಗಳಿಗೆ ಬಿಡುವೇ ಇಲ್ಲ. ರಾಜಕಾರಣಿಯೊಬ್ಬರು ಎದುರಾಳಿಯ ಬಗ್ಗೆ ಆಡಿದ ಒಂದೇ ಮಾತಿಗೆ ಒಂದು ಪತ್ರಿಕೆ ‘ವ್ಯಂಗ್ಯವಾಡಿದರು’ ಎಂದರೆ ಇನ್ನೊಂದು ‘ಲೇವಡಿ ಮಾಡಿದರು’ ಎನ್ನುತ್ತದೆ, ಮೂರನೆಯದು ‘ಕುಟುಕಿದರು’, ಟಿ.ವಿ.ಯ ಅಡಿಪಟ್ಟಿ ‘ಟಾಂಗ್ ಕೊಟ್ಟರು’. ಇವು ಪರ್ಯಾಯ ಪದಗಳಂತೆ ಕಂಡರೂ ಅಲ್ಲ. ವ್ಯಂಗ್ಯವಾಡಿದವನು ಜಾಣ. ಕುಟುಕಿದವನ ಮಾತಿನಲ್ಲಿ ಸತ್ಯವಿದೆ ಎಂಬ ಧ್ವನಿಯಿದೆ. ಟಾಂಗ್ ಕೊಟ್ಟವನು ಆ ಸುತ್ತು ಗೆದ್ದಿದ್ದಾನೆ. ಲೇವಡಿ ಮಾಡಿದವನು ಮಾತ್ರ ಸ್ವಲ್ಪ ಹಗುರಾಗಿ ನಡೆದುಕೊಂಡಂತೆ ಕೇಳಿಸುತ್ತದೆ, ಅವಹೇಳನ ಮಾಡಿದವನಂತೂ ಕ್ಷಮೆ ಕೇಳಬೇಕಾದವನು. ತಲೆಬರಹದ ಕ್ರಿಯಾಪದ ನೋಡಿಯೇ ಪತ್ರಿಕೆ ಯಾರ ಕಡೆ ವಾಲಿದೆ ಎಂದು ಹೇಳಬಹುದಾದ ದಿನಗಳಿವೆ. ಇಂಗ್ಲಿಷಿನ ‘ರಿಡಿಕ್ಯುಲಸ್’ ಬೆಂಗಳೂರಿನ ಕನ್ನಡಕ್ಕೆ ಬಂದಿದೆಯಾದರೂ ಅದಕ್ಕೂ ಗೇಲಿಗೂ ಈಗ ನಂಟಿಲ್ಲ. ಪಾರ್ಕಿಂಗಿಗೆ ನೂರು ರೂಪಾಯಿ ಕೇಳಿದರೆ “ಏನ್ರೀ ಇದು, ರಿಡಿಕ್ಯುಲಸ್” ಎನ್ನುವವರು ನಗುತ್ತಿರುವುದಿಲ್ಲ.

ಹುಟ್ಟು, ಮೈ, ಜಾತಿಯನ್ನು ಹಿಡಿದು ನಗುವುದು ಬಹುಕಾಲ ಹಳ್ಳಿಯಲ್ಲಿ ತಮಾಷೆ ಎಂದೇ ನಡೆದುಬಂತು. ಕುಂಟ, ಕುರುಡ, ಕಿವುಡ, ಗೂನ ಎಂಬುವು ಅಡ್ಡಹೆಸರುಗಳಾಗಿ, ಕೊನೆಗೆ ಮನೆತನದ ಗುರುತಾಗಿಯೇ ಉಳಿದದ್ದುಂಟು. ಕಾನೂನು ಈಗ ಇದನ್ನು ತಮಾಷೆ ಎಂದು ಒಪ್ಪುವುದಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 92ನೆಯ ಕಲಂ ಪ್ರಕಾರ, ಅಂಗವೈಕಲ್ಯವಿರುವವರನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಅವಮಾನಿಸುವ ಉದ್ದೇಶದಿಂದ ನಿಂದಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸವಿದೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ಇಂಥ ಅವಮಾನಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆಯಿದೆ. ಕಾಲೇಜುಗಳಲ್ಲಿ ಹೊಸಬರನ್ನು ಛೇಡಿಸುವುದನ್ನೂ ಯುಜಿಸಿಯ 2009ರ ನಿಯಮಾವಳಿ ರ‍್ಯಾಗಿಂಗ್ ಎಂದೇ ಎಣಿಸುತ್ತದೆ. ಉಳಿದಂತೆ ಮಾನಹಾನಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಂ ಅನ್ವಯಿಸುತ್ತದೆ. ಇವುಗಳಲ್ಲಿ ಕೆಲವು ‘ಸಾರ್ವಜನಿಕರ ಕಣ್ಣಿಗೆ ಬೀಳುವಂತೆ’ ಎಂಬ ಮಾತನ್ನು ಎತ್ತಿ ಹೇಳುತ್ತವೆ. ಗಾದೆಯ ‘ನಗುವವರ ಮುಂದೆ’ ಕಾನೂನಿನ ಪುಸ್ತಕದಲ್ಲಿ ಹೀಗೆ ಬರೆಸಿಕೊಂಡಿದೆ.

ಇಪ್ಪತ್ತೊಂದನೆಯ ಶತಮಾನದಲ್ಲಿ ಕನ್ನಡಕ್ಕೆ ಬಂದ ಗೇಲಿಯ ದೊಡ್ಡ ಪದ ‘ಟ್ರೋಲ್’. ಇಂಗ್ಲಿಷಿನಲ್ಲಿ ಅದು ಮೊದಲು ಅಂತರ್ಜಾಲದಲ್ಲಿ ಬೇಕೆಂದೇ ಕೆಣಕಿ ಜಗಳಕ್ಕೆಳೆಯುವುದಕ್ಕೆ ಸಲ್ಲುತ್ತಿತ್ತು. ಕನ್ನಡ ಅದನ್ನು ಬೇಗ ತನ್ನದಾಗಿಸಿಕೊಂಡು ಅರ್ಥವನ್ನೂ ಸರಿಸಿತು: ಇಲ್ಲಿ ಟ್ರೋಲ್ ಮಾಡುವುದೆಂದರೆ ಒಬ್ಬರ ವಿಡಿಯೊ ತುಣುಕನ್ನೋ ಫೋಟೊವನ್ನೋ ಹಿಡಿದು, ಸಿನಿಮಾ ಡೈಲಾಗ್ ಅಂಟಿಸಿ, ಸಾಮೂಹಿಕವಾಗಿ ಗೇಲಿ ಮಾಡುವುದು. ‘ಟ್ರೋಲ್ ಆದ’, ‘ಟ್ರೋಲಿಗೆ ಗುರಿಯಾದರು’ ಎಂಬ ಬಳಕೆಯ ಜೊತೆಗೆ ‘ಟ್ರೋಲಿಗರು’ ಎಂಬ ಪದವನ್ನೂ ಪತ್ರಿಕೆಗಳು ಕಟ್ಟಿವೆ. ಗಾಣಿಗ, ಲೆಕ್ಕಿಗ ಎಂಬವುಗಳ ಸಾಲಿಗೆ ಇದೂ ಒಂದು ಕಸುಬಾಗಿ ಸೇರಿದಂತಿದೆ. ಟ್ರೋಲಿಗನಿಗೂ ಗುರಿಯಾದವನಿಗೂ ನಂಟಿಲ್ಲ, ಹಳೇ ಜಗಳವೂ ಇಲ್ಲ. ಹೆಂಡತಿಯ ತಮ್ಮನಿಗೆ ತಿರುಗಿಸಿ ಹೊಡೆಯುವಂತೆ ಹೊಡೆಯಲು ಎದುರಿಗೆ ಯಾರೂ ನಿಂತಿಲ್ಲ. ಊರಿನ ನಾಲ್ಕು ಜನ ಮುಂದಿನ ಸುಗ್ಗಿಯ ಹೊತ್ತಿಗೆ ಇನ್ನೊಬ್ಬರನ್ನು ಆಡಿಕೊಳ್ಳುತ್ತಿದ್ದರು, ಹಳೆಯದು ಮರೆತುಹೋಗುತ್ತಿತ್ತು. ತುಣುಕು ಮರೆಯಾಗುವುದಿಲ್ಲ, ಮದುವೆಯ ಮಾತುಕತೆಗೆ ಬಂದವರು ಹೆಸರು ಹುಡುಕಿದಾಗಲೂ ಸಿಗುತ್ತದೆ. ಜಾಣರು ಕೆಲವರು ಟ್ರೋಲನ್ನೇ ಬಂಡವಾಳ ಮಾಡಿಕೊಂಡು ರಿಯಾಲಿಟಿ ಷೋಗಳವರೆಗೆ ಹೋಗಿದ್ದಾರೆ. ಉಳಿದವರು ಫೋನ್ ನಂಬರ್ ಬದಲಾಯಿಸುತ್ತಾರೆ, ಖಾತೆ ಮುಚ್ಚುತ್ತಾರೆ, ಇಲ್ಲವೇ ಜಿಲ್ಲಾ ಕೇಂದ್ರದ ಸೈಬರ್ ಠಾಣೆಗೆ ಹೋಗಿ ದೂರು ಬರೆದುಕೊಡುತ್ತಾರೆ.